ನಲವತ್ತೊಂದು ಮನೆಗಳ ತಾಮ್ರದ ನೀರು

ಸುಬ್ಬಲಕ್ಷ್ಮಿಗೆ ಈ ಲೋಕದಿಂದ ಬೇಕಾಗಿದ್ದದ್ದು ಒಂದೇ ಒಂದು ಉತ್ತರ. ಮಗನ ಪ್ರಾಣ ತೆಗೆದದ್ದು ಅವನ ಕಾಯಿಲೆಯೋ, ಇಲ್ಲ ತಾನು ಎರಡು ವರ್ಷಕ್ಕೂ ಮಿಕ್ಕಿ ದಿನಾ ಬೆಳಿಗ್ಗೆ ಕೈಯಾರೆ ಕುಡಿಸಿದ್ದೋ?

ಡೊಂಬಿವಲಿ ಪೂರ್ವದ ಆ ಮೂರಂತಸ್ತಿನ ಕಟ್ಟಡದವರಿಗೆ ಇದೊಂದೂ ಗೊತ್ತಿರಲಿಲ್ಲ. ಅವರ ಪಾಲಿಗೆ ಅವಳು, ನಲ್ಲಿಯಲ್ಲಿ ನೀರು ಬಂದ ಕೂಡಲೇ ಮೂರೂ ಮಹಡಿಗೆ ಕೇಳುವ ಹಾಗೆ “ಪಾಣೀ ಆಲಂ!” ಎಂದು ಕೂಗುವ, ಗಣಪತಿ ಹಬ್ಬಕ್ಕೆ ಮೋದಕದ ಪಕ್ಕದಲ್ಲಿ ಕರಿಗಡುಬನ್ನೂ ಇಟ್ಟು ಹಂಚುವ ಮೈಸೂರಿನ ಕಾಕು. ಅವಳು ಮೈಸೂರಿನಿಂದ ಮದುವೆಯಾಗಿ ಬಂದದ್ದು ಎಂಬತ್ತಾರರಲ್ಲಿ. ಗಂಡ ರಮಾಕಾಂತ ಅವಳ ಸೋದರತ್ತೆಯ ಮಗನೇ. ವಿಮಾ ಕಂಪನಿಯೊಂದರಲ್ಲಿ ಗುಮಾಸ್ತರಾಗಿದ್ದರು. ಬೆಳಿಗ್ಗೆ ಡಬ್ಬಿ ಹಿಡಿದು ಲೋಕಲ್ ಹತ್ತಿದರೆ ಮತ್ತೆ ಮುಖ ಕಾಣುವುದು ದೀಪ ಹಚ್ಚಿದ ಮೇಲೆ. ಮೂರು ವರ್ಷಕ್ಕೆ ಸುಮುಖ ಹುಟ್ಟಿದ. ಒಬ್ಬನೇ ಮಗ. ಅವಳು ಕನ್ನಡದಲ್ಲಿ ಗದರಿಸಿದರೆ ಅವನು ಹಿಂದಿಯಲ್ಲಿ ಉತ್ತರ ಕೊಡುತ್ತಿದ್ದ, ಅಪ್ಪ ಕೇಳಿದರೆ ಮರಾಠಿಯಲ್ಲಿ. “ನಮ್ಮನೇಲಿ ಮೂರು ಜನ, ಮೂರು ಭಾಷೆ. ಜಗಳ ಆಡಬೇಕಾದ್ರೂ ದುಭಾಷಿ ಬೇಕು,” ಎಂದು ರಮಾಕಾಂತ ನಗುತ್ತಿದ್ದರು.

ಎರಡು ಸಾವಿರದ ಒಂದನೆಯ ಇಸವಿಯ ಮಳೆಗಾಲದಲ್ಲಿ, ಹನ್ನೆರಡು ವರ್ಷದ ಸುಮುಖನಿಗೆ ಕಾಮಾಲೆ ಬಂತು. ಆ ವರ್ಷ ಬೀದಿಗೆ ನಾಲ್ಕು ಮಂದಿಗೆ ಬಂದಿತ್ತು, ಯಾರೂ ಗಾಬರಿಯಾಗಲಿಲ್ಲ. ಮೂಲೆ ಮನೆಯ ದವಾಖಾನೆಯ ಡಾಕ್ಟರು, ಎಣ್ಣೆ ಬಿಡಿ, ಸಕ್ಕರೆ ಹಾಕಿ ನಿಂಬೆ ಶರಬತ್ತು ಕೊಡಿ ಎಂದರು. ಮೈಸೂರಿನಿಂದ ದೊಡ್ಡಮ್ಮ ಫೋನಿನಲ್ಲಿ, ತಾಮ್ರದ ತಂಬಿಗೆಯಲ್ಲಿ ರಾತ್ರಿಯೆಲ್ಲ ಇಟ್ಟ ನೀರು ಪಿತ್ತಕ್ಕೆ ಒಳ್ಳೆಯದು, ಬರಿಹೊಟ್ಟೆಯಲ್ಲಿ ಕುಡಿಸು ಎಂದಳು. ಎರಡೂ ಒಳ್ಳೆಯ ಮಾತು. ಸುಬ್ಬಲಕ್ಷ್ಮಿ ಎರಡನ್ನೂ ಒಟ್ಟಿಗೆ ನಡೆಸಿದಳು. ಮದುವೆಯಲ್ಲಿ ತವರಿನವರು ಕೊಟ್ಟ ತಾಮ್ರದ ತಂಬಿಗೆಯನ್ನು ಹುಣಸೆಹಣ್ಣು ಹಾಕಿ ಹೊಳೆಯುವ ಹಾಗೆ ಉಜ್ಜಿ, ಮಲಗುವ ಮೊದಲು ಅದರಲ್ಲಿ ನಿಂಬೆಹಣ್ಣು ಹಿಂಡಿ, ಸಕ್ಕರೆ ಕರಗಿಸಿ, ತಟ್ಟೆ ಮುಚ್ಚಿ ಇಟ್ಟಳು. ಬೆಳಿಗ್ಗೆ ಹಲ್ಲುಜ್ಜಿದ ಮೇಲೆ ಒಂದು ಲೋಟ.

“ಅಮ್ಮಾ, ಯೇ ಪಾನಿ ಅಜೀಬ್ ಲಗ್ತಾ ಹೈ.”

“ಔಷಧಿ ಇನ್ನೇನು ಮೈಸೂರುಪಾಕಿನ ಹಾಗಿರುತ್ತೇನೋ? ಮೂಗು ಹಿಡ್ಕೊಂಡು ಒಂದೇ ಗುಟುಕಿಗೆ ಮುಗಿಸು.”

ಕೆಲವು ದಿನ ಕುಡಿದದ್ದೆಲ್ಲ ವಾಂತಿಯಾಗುತ್ತಿತ್ತು. ಪಿತ್ತ ಹೊರಗೆ ಹೋಗುತ್ತಿದೆ, ಒಳ್ಳೆಯದೇ ಆಯಿತು ಎಂದು ಬೆನ್ನು ಸವರಿ, ಇನ್ನರ್ಧ ಲೋಟ ಕೊಡುತ್ತಿದ್ದಳು. ಕಣ್ಣಿನ ಹಳದಿ ಇಳಿಯಿತು. ಇಳಿದದ್ದು ಇದರಿಂದಲೇ ಎಂದುಕೊಂಡು, ಕಾಮಾಲೆ ಹೋದ ಮೇಲೂ ಬಿಡಲಿಲ್ಲ. ಮೈಸೂರಿನ ಅಡುಗೆಮನೆಯಲ್ಲಿ ಬೆಳೆದವಳಿಗೆ ಒಂದು ವಿಷಯ ಚೆನ್ನಾಗಿ ಗೊತ್ತಿತ್ತು: ಕಲಾಯಿ ಇಲ್ಲದ ಪಾತ್ರೆಯಲ್ಲಿ ಹುಳಿ, ಸಾರು, ಮಜ್ಜಿಗೆ ಇಡಬಾರದು, ಕಿಲುಬು ಏಳುತ್ತದೆ. ಹುಳಿಯ ಪಾತ್ರೆಯಲ್ಲಿ ಅವಳು ಎಂದೂ ತಪ್ಪಿದವಳಲ್ಲ. ಆದರೆ ಶರಬತ್ತು ಅಡುಗೆಯಲ್ಲವಲ್ಲ, ಔಷಧಿ. ಆ ನಿಯಮ ಇದಕ್ಕೂ ಸಲ್ಲುತ್ತದೆ ಎಂಬುದು ಅವಳ ಮನಸ್ಸಿಗೆ ಹೊಳೆಯಲೇ ಇಲ್ಲ.

ಒಂಬತ್ತನೆಯ ತರಗತಿಗೆ ಬರುವ ಹೊತ್ತಿಗೆ ಸುಮುಖನ ಅಕ್ಷರ ಕೆಟ್ಟಿತು. ಸಾಲು ಕೆಳಗಿಳಿಯುತ್ತಿತ್ತು, ಪೆನ್ನು ಹಿಡಿದ ಕೈ ನಡುಗುತ್ತಿತ್ತು. ಮಾಸ್ತರು ಸೋಮಾರಿ ಎಂದರು. ಆಮೇಲೆ ಹೊಟ್ಟೆ ಉಬ್ಬಿತು, ಕಾಲು ಊದಿತು. ಮುಂಬಯಿಯ ದೊಡ್ಡ ಆಸ್ಪತ್ರೆಯಲ್ಲಿ ಡಾಕ್ಟರೊಬ್ಬರು ಟಾರ್ಚು ಹಿಡಿದು ಅವನ ಕಣ್ಣಿನ ಕರಿಗುಡ್ಡೆಯ ಸುತ್ತ ಇದ್ದ ಕಂದು ಬಣ್ಣದ ಬಳೆಯನ್ನು ತೋರಿಸಿದರು. ವಿಲ್ಸನ್ ಕಾಯಿಲೆ ಎಂದು ಇದರ ಹೆಸರು, ಸಾವಿರಾರು ಜನಕ್ಕೆ ಒಬ್ಬರಿಗೆ ಬರುವಂಥದು. ಊಟದಲ್ಲಿ ಬಂದ ತಾಮ್ರವನ್ನು ಯಕೃತ್ತು ಹೊರಗೆ ಹಾಕಲಾರದೆ ತನ್ನಲ್ಲೇ ತುಂಬಿಕೊಳ್ಳುತ್ತದೆ, ಅಲ್ಲಿಂದ ಮಿದುಳಿಗೆ, ಕಣ್ಣಿಗೆ ಹೋಗುತ್ತದೆ ಎಂದು ವಿವರಿಸಿದರು.

“ಮನೆಯಲ್ಲಿ ತಾಮ್ರದ ಪಾತ್ರೆ ಬಳಸುತ್ತೀರಾ?”

“ಹೌದು. ನೀರು ಇಟ್ಟು ಕುಡಿಸ್ತಿದ್ದೆ,” ಎಂದಳು ಸುಬ್ಬಲಕ್ಷ್ಮಿ. ನಿಂಬೆಹಣ್ಣು ನಾಲಗೆಯ ತುದಿಗೆ ಬಂದು ಅಲ್ಲಿಯೇ ನಿಂತಿತು.

“ಇವತ್ತಿನಿಂದ ನಿಲ್ಲಿಸಿ. ನೀರಿನಿಂದ ಈ ಕಾಯಿಲೆ ಬಂದದ್ದಲ್ಲ, ಇದು ಹುಟ್ಟಿನಿಂದಲೇ ಇರುವುದು. ಅರ್ಧ ತಂದೆಯಿಂದ, ಅರ್ಧ ತಾಯಿಯಿಂದ.”

“ಬಂದದ್ದಲ್ಲ ಸರಿ. ಹೆಚ್ಚಾಗಿದ್ದು...?”

ಡಾಕ್ಟರು ಕಾಗದದಿಂದ ತಲೆಯೆತ್ತಲಿಲ್ಲ. “ಅದನ್ನು ಹೇಳುವುದು ಕಷ್ಟ.”

ಔಷಧಿ ಶುರುವಾಯಿತು. ಯಕೃತ್ತನ್ನೇ ಬದಲಿಸುವ ಶಸ್ತ್ರಚಿಕಿತ್ಸೆಯ ಮಾತು ಬಂತು. ಮಾತು ಮುಗಿಯುವ ಮೊದಲೇ, ಎರಡು ಸಾವಿರದ ನಾಲ್ಕರ ಸಂಕ್ರಾಂತಿಯ ಮಾರನೆಯ ದಿನ, ಹುಡುಗ ತೀರಿಕೊಂಡ. ಹದಿನೈದು ತುಂಬಿರಲಿಲ್ಲ. ರಮಾಕಾಂತ ಅವಳಿಗೆ ದಿನಾ ಒಂದೇ ಮಾತು ಹೇಳುತ್ತಿದ್ದರು: “ಡಾಕ್ಟ್ರೇ ಹೇಳಿದ್ರಲ್ಲ ಸುಬ್ಬೂ. ಹುಟ್ಟಿನಿಂದ ಬಂದದ್ದು. ಯಾರೇನು ಮಾಡೋಕಾಗುತ್ತೆ?” ಅವಳು ಹ್ಞೂಂ ಎನ್ನುತ್ತಿದ್ದಳು. ಅವರೆದುರಿಗೂ ನಿಂಬೆಹಣ್ಣಿನ ಮಾತೆತ್ತಿರಲಿಲ್ಲ.

ಠಾಣೆಯ ನೌಪಾಡಾದಲ್ಲಿ ಉಡುಪಿ ಕಡೆಯ ವಸಂತಕುಮಾರ ಶೆಟ್ಟರದೊಂದು ಹೋಟೆಲು. ಅವರ ಮಗಳೂ ಇದೇ ಕಾಯಿಲೆಯಿಂದ ಹೋಗಿದ್ದಳು. ಮಗಳು ಹೋದ ನಾಲ್ಕು ವರ್ಷಕ್ಕೆ ಶೆಟ್ಟರು ಒಂದು ಟ್ರಸ್ಟ್ ಮಾಡಿ, ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಗಾಜಿನ ಪೆಟ್ಟಿಗೆ ಇಟ್ಟು, ‘ಯಕೃತ್ತಿನ ಅಪರೂಪದ ಕಾಯಿಲೆಯ ಸಂಶೋಧನೆಗೆ’ ಎಂದು ನಾಲ್ಕು ಭಾಷೆಯಲ್ಲಿ ಬರೆಸಿದರು. ಭಾವಮೈದುನ ಛೇಡಿಸಿದ: “ತಿನ್ಲಿಕ್ಕೆ ಬಂದವರ ಮುಂದೆ ಲಿವರಿನ ಸುದ್ದಿ ತೆಗೆದ್ರೆ ನಾಳೆ ಬರ್ತಾರಾ ಭಾವ?” ಶೆಟ್ಟರು, “ಬರದಿದ್ರೆ ಬೇಡ ಮಾರಾಯ. ಉಳಿದ ಇಡ್ಲಿ ನೀನು ತಿನ್ನು, ಹೇಗೂ ಅದೇ ಮಾಡ್ತಾ ಇದ್ದಿ,” ಎಂದರು. ಜನ ಚಿಲ್ಲರೆ ಹಾಕಿದರು. ಹಾಗೆ ಕೂಡಿದ್ದರಲ್ಲಿ ನವಿ ಮುಂಬಯಿಯ ನೆರೂಳಿನ ಕಾಲೇಜೊಂದರ ಹಿಂಭಾಗದಲ್ಲಿ ಎರಡು ಕೋಣೆ ಬಾಡಿಗೆಗೆ ಹಿಡಿದು, ಮೈಸೂರಿನಿಂದ ಬಂದ ಚಿನ್ಮಯ್ ಎಂಬ ತರುಣ ಸಂಶೋಧಕನನ್ನು ಕೂರಿಸಿದರು. ಕಾಯಿಲೆ ಬಂದ ಮನೆಗಳವರ ರಕ್ತ ತರಿಸಿ, ತಂದೆತಾಯಿಯಿಂದ ಯಾವ ದೋಷ ಇಳಿದು ಬಂದಿದೆ ಎಂದು ನೋಡುವುದು ಅವನ ಕೆಲಸ.

ಎರಡು ಸಾವಿರದ ಒಂಬತ್ತರಲ್ಲಿ ಆ ಮನೆಗಳವರೆಲ್ಲ ಶೆಟ್ಟರ ಹೋಟೆಲಿನ ಮಹಡಿಯಲ್ಲಿ ಸೇರಿದ್ದಾಗ, ಏನಾದರೂ ಕೇಳುವುದಿದೆಯೇ ಎಂದ ಚಿನ್ಮಯ್. ಐದು ವರ್ಷ ಬಾಯಿಬಿಡದಿದ್ದ ಸುಬ್ಬಲಕ್ಷ್ಮಿ ಎದ್ದು ನಿಂತಳು.

“ತಾಮ್ರದ ತಂಬಿಗೇಲಿ ಇಟ್ಟ ನೀರಿನಿಂದ ಮಕ್ಕಳಿಗೆ ಕಾಯಿಲೆ ಜಾಸ್ತಿಯಾಯ್ತಾ ಅಂತ ಯಾರಾದ್ರೂ ನೋಡಿದಾರಾಪ್ಪ?”

ಚಿನ್ಮಯ್ ಅವಳ ಕಡೆಗೆ ತಿರುಗಿದ. “ನಮ್ಮ ಕಡೆಯ ತಂಬಿಗೆಗಳನ್ನೇ ತೆಗೆದುಕೊಂಡು ನೋಡಿದ್ದು ನನಗೆ ಗೊತ್ತಿಲ್ಲಮ್ಮ. ನೋಡೋದು ಕಷ್ಟವಲ್ಲ. ರಾತ್ರಿ ತುಂಬಿಟ್ಟ ನೀರನ್ನ ಬೆಳಗಿನ ಜಾವ ಪ್ಲಾಸ್ಟಿಕ್ ಬಾಟಲಿಗೆ ಹಿಡಿದು ನನ್ನ ಹತ್ರ ತಂದುಕೊಟ್ರೆ ಅದರಲ್ಲಿ ಎಷ್ಟು ತಾಮ್ರ ಇದೆ ಅಂತ ಅಳೀಬಹುದು. ಆದ್ರೆ ಬದಲಾಪುರ, ಕಲ್ಯಾಣ, ಕಳವಾ ಅಂತ ಆರು ಗಂಟೆಗೆ ಮನೆ ಮನೆಗೆ ಹೋಗೋರು ಯಾರು?”

“ನಾನು ಹೋಗ್ತೀನಿ.”

ರಮಾಕಾಂತ ಪಕ್ಕದಲ್ಲಿದ್ದವರು ಬೆಚ್ಚಿ ನೋಡಿದರು. ಮನೆಯಲ್ಲಿ ಉಗುರು ಕಚ್ಚಿಕೊಂಡು ಕೂರುವುದಕ್ಕಿಂತ ಇದು ಮೇಲು ಎಂದುಕೊಂಡು ಸುಮ್ಮನಾದರು.

ಚಿನ್ಮಯ್ ಇಂಗ್ಲಿಷಿನಲ್ಲಿ ಮಾಡಿಕೊಟ್ಟ ಫಾರಮನ್ನು ಅವಳೇ ಕನ್ನಡಕ್ಕೆ ಇಳಿಸಿದಳು. ನೀರನ್ನು ಎಷ್ಟು ಗಂಟೆ ಇಡುತ್ತಿದ್ದಿರಿ, ದಿನಕ್ಕೆ ಎಷ್ಟು ಲೋಟ, ಎಷ್ಟು ವರ್ಷ, ಪಾತ್ರೆಯನ್ನು ಯಾವುದರಿಂದ ತೊಳೆಯುತ್ತಿದ್ದಿರಿ ಎಂದು ನಾಲ್ಕು ಪ್ರಶ್ನೆ. ನೀರಿಗೆ ಬೇರೆ ಏನನ್ನಾದರೂ ಬೆರೆಸುತ್ತಿದ್ದಿರಾ ಎಂಬ ಪ್ರಶ್ನೆ ಅದರಲ್ಲಿರಲಿಲ್ಲ. ತಂಬಿಗೆ ಎಂದರೆ ನೀರು ಎಂದೇ ಆ ಹುಡುಗ ತಿಳಿದಿದ್ದ. ಬರೆದು ಮುಗಿಸಿದಾಗ ಅವನು, “ನೀವು ಮನೆ ನಡೆಸಿದವರು. ಇನ್ನೇನಾದ್ರೂ ಕೇಳಬೇಕಾ ಹೇಳಿ,” ಎಂದ.

“ಇಷ್ಟು ಸಾಕು,” ಎಂದಳು ಸುಬ್ಬಲಕ್ಷ್ಮಿ.

ಒಂದನೆಯ ಫಾರಂ ಅವಳದೇ. ಅಟ್ಟದ ಮೇಲಿಂದ ಸ್ವಂತ ತಂಬಿಗೆಯನ್ನು ಇಳಿಸಿ, ಬರಿಯ ನೀರು ತುಂಬಿ, ಬೆಳಿಗ್ಗೆ ಬಾಟಲಿಗೆ ಹಿಡಿದಳು. ಉಳಿದ ನಲವತ್ತು ಮನೆಗಳಿಗೆ ಎರಡು ವರ್ಷ ಓಡಾಡಿದಳು. ಅದರಲ್ಲಿ ಹದಿಮೂರು ಕಾಯಿಲೆ ಬಂದ ಮನೆಗಳು, ಮಿಕ್ಕವು ಹೋಲಿಸಿ ನೋಡಲು ಆರಿಸಿದವು. ಹಿಂದಿನ ದಿನ ಫೋನು ಮಾಡಿ ನೀರು ತುಂಬಿಡಲು ಹೇಳಬೇಕು. ಬೆಳಿಗ್ಗೆ ಹೋಗಿ ಲೋಹದ ಚಮಚ, ಸೌಟು ತಾಕಿಸದೆ ಬಾಟಲಿಗೆ ಸುರಿದು, ಹೆಸರಿನ ಚೀಟಿ ಅಂಟಿಸಿ, ಠಾಣೆಯಲ್ಲಿ ಇಳಿದು ವಾಶಿ ಕಡೆಯ ಗಾಡಿ ಹಿಡಿದು, ಮಧ್ಯಾಹ್ನದೊಳಗೆ ನೆರೂಳು ಸೇರಬೇಕು. ಹೆಂಗಸರ ಡಬ್ಬಿಯಲ್ಲಿ ಮಡಿಲಲ್ಲಿ ಬಾಟಲಿ ಇಟ್ಟುಕೊಂಡು ಕೂತವಳನ್ನು ನೋಡಿ ಮೀನು ಮಾರುವ ಹೆಂಗಸೊಬ್ಬಳು, “ಕಾಯ್ ಕಾಕೂ, ಗಂಗಾಜಲ್ ಕಾ? ಆಮ್ಹಾಲಾ ಪಣ್ ದ್ಯಾ!” ಎಂದು ತನಗೂ ಒಂದು ಗುಟುಕು ಕೇಳಿದಳು. ಡಬ್ಬಿಯೆಲ್ಲ ನಕ್ಕಿತು. ಸುಬ್ಬಲಕ್ಷ್ಮಿಯೂ ನಕ್ಕಳು, ಬಹಳ ದಿನದ ಮೇಲೆ.

ಕಳವಾದಲ್ಲಿ ರೈಲ್ವೆ ಕಾರ್‌ಶೆಡ್ಡಿನ ಸಿದ್ರಾಮ ಎಂಬವರ ಒಂದೇ ಕೋಣೆಯ ಮನೆ. ಅವರು ಬಾಗಿಲಲ್ಲೇ ತಂಬಿಗೆ ಹಿಡಿದು ಕಾದಿದ್ದರು. “ನಿಮ್ಮ ಹುಕುಂ ಪ್ರಕಾರ ರಾತ್ರಿ ತುಂಬಿಟ್ಟೀವ್ರಿ ಅಕ್ಕಾರ. ಯಾರೂ ಮುಟ್ಟಿಲ್ಲ, ಬೆಕ್ಕಿಗೂ ಮುಟ್ಟಗೊಟ್ಟಿಲ್ಲ. ಇದರಾಗ ಏನ್ ಹುಡುಕ್ತೀರಿ, ಬಂಗಾರನ?” ಅವರ ಮನೆಯಲ್ಲಿ ಕಾಯಿಲೆ ಇರಲಿಲ್ಲ. ಚಹಾ ಕೊಟ್ಟು, ನಾಲ್ಕೂ ಪ್ರಶ್ನೆಗೆ ನಾಲ್ಕು ಕಥೆ ಹೇಳಿ ಕಳಿಸಿದರು. ಅಂಥ ಮನೆಗಳಿಂದ ಹೊರಟಾಗ ಅವಳ ಹೆಜ್ಜೆ ಹಗುರವಾಗುತ್ತಿತ್ತು. ಚಿನ್ಮಯ್ ಆಗಾಗ ಹೇಳುತ್ತಿದ್ದ ಅಂಕಿಗಳೂ ಸಣ್ಣವೇ. ಉತ್ತರ ತನ್ನ ಕಡೆಗೇ ವಾಲುತ್ತಿದೆ ಎಂದು ಅವಳಿಗೆ ಅನಿಸತೊಡಗಿತು.

ಮೊದಲ ವರ್ಷದ ಕೊನೆಯಲ್ಲಿ ಬದಲಾಪುರದ ಜಯಲತಾಳ ಮನೆಗೆ ಹೋದಳು. ಕಾರ್ಕಳದ ಕಡೆಯವಳು, ಗಂಡ ಕಾರ್ಖಾನೆಯೊಂದರ ಕ್ಯಾಂಟೀನು ನೋಡಿಕೊಳ್ಳುತ್ತಿದ್ದ. ಹದಿಮೂರು ವರ್ಷದ ಮಗ ರಂಜನ್ ಇದೇ ಕಾಯಿಲೆಯಿಂದ ತೀರಿಕೊಂಡು ವರ್ಷ ಕಳೆದಿತ್ತು. ಚಿಕ್ಕವಳು ನಿಕಿತಾ, ಏಳು ವರ್ಷ. ಮಂಚದ ಮೇಲೆ ಕೂತು ಶಾಲೆಯ ಬೂಟಿಗೆ ದಾರ ಕಟ್ಟುತ್ತಿದ್ದಳು. ಅವಳ ರಕ್ತ ಪರೀಕ್ಷೆಯ ಫಲ ಆ ಕಡೆಗೂ ಅಲ್ಲ ಈ ಕಡೆಗೂ ಅಲ್ಲ ಎಂದು ಬಂದಿತ್ತು, ಸ್ವಲ್ಪ ದೊಡ್ಡವಳಾದ ಮೇಲೆ ಮತ್ತೆ ನೋಡಬೇಕಾಗಿತ್ತು.

“ನೀರನ್ನು ಎಷ್ಟು ಗಂಟೆ ಇಡ್ತಿದ್ರಿ?” ಎಂದು ಫಾರಂ ನೋಡಿ ಕೇಳಿದಳು ಸುಬ್ಬಲಕ್ಷ್ಮಿ.

“ಬರೀ ನೀರು ಅಂತ ಅಲ್ಲ ಅಕ್ಕ. ಪುನರ್ಪುಳಿ ಶರಬತ್ತು, ಇಲ್ಲಿಯವರು ಕೋಕಂ ಅಂತಾರಲ್ಲ, ಆ ಹುಳಿಯದ್ದು. ಪಿತ್ತಕ್ಕೆ ಒಳ್ಳೇದಲ್ವಾ? ರಾತ್ರಿ ಚೆಂಬಲ್ಲಿ ಕದಡಿ ಇಡುವುದು, ಬೆಳಿಗ್ಗೆ ಖಾಲಿ ಹೊಟ್ಟೆಗೆ ಅವನಿಗೆ ಕೊಡುವುದು. ಎರಡು ವರ್ಷ ಕೊಟ್ಟೆ.”

ಪೆನ್ನು ನಿಂತಿತು. ಸುಬ್ಬಲಕ್ಷ್ಮಿಗೆ ಗೊತ್ತಿಲ್ಲದೆಯೇ ಬಾಯಿಂದ ಮಾತು ಬಂತು. “ವಾಂತಿ ಮಾಡ್ಕೋತಿದ್ನಾ?”

“ಹೌದು! ನಿಮಗೆ ಹೇಗೆ ಗೊತ್ತಾಯ್ತು?”

“ಏನಿಲ್ಲ. ಹಾಗೇ ಕೇಳಿದೆ.”

ಜಯಲತಾ ಅಡುಗೆಮನೆಯಿಂದ ನೀರು ತುಂಬಿಟ್ಟ ಚೆಂಬನ್ನು ತರಲು ಹೋದಳು. ಸುಬ್ಬಲಕ್ಷ್ಮಿ ಫಾರಮಿನಲ್ಲಿ ‘ನೀರು, ಹತ್ತು ಗಂಟೆ, ಒಂದು ಲೋಟ, ಎರಡು ವರ್ಷ’ ಎಂದು ದುಂಡಗೆ ಬರೆದಳು. ಪುನರ್ಪುಳಿಯ ಹೆಸರು ಬರೆದರೆ ಚಿನ್ಮಯ್ ಅದೇನು ಎಂದು ಕೇಳುತ್ತಾನೆ. ಹುಳಿ ಹಾಕಿ ಅಳೆಯೋಣ ಎನ್ನುತ್ತಾನೆ. ಅಳೆದರೆ ಉತ್ತರ ಬಂದುಬಿಡುತ್ತದೆ. ಆ ಕ್ಷಣದಲ್ಲಿ, ಬೇರೆಯವರ ಮನೆಯ ಕುರ್ಚಿಯ ಮೇಲೆ ಕೂತು, ಅವಳಿಗೆ ತನ್ನ ವಿಷಯ ಅರ್ಥವಾಯಿತು. ತನಗೆ ಬೇಕಾಗಿದ್ದದ್ದು ಉತ್ತರವಲ್ಲ. ‘ಇಲ್ಲ’ ಎಂಬ ಉತ್ತರ ಮಾತ್ರ. ಆದರೂ ನೀರನ್ನು ಬಾಟಲಿಗೆ ಸುರಿದು ಚೀಟಿ ಅಂಟಿಸಿದಳು. ಬಾಟಲಿಯನ್ನು ಚೀಲಕ್ಕೆ ಹಾಕಿದಳು. ಹೇಗೂ ಚೆಂಬು ಮತ್ತೆ ಅಟ್ಟ ಸೇರುತ್ತದೆ, ಈ ಮಗುವಿಗೇನೂ ಕೊಡುತ್ತಿಲ್ಲವಲ್ಲ ಎಂದು ದಾರಿಯುದ್ದಕ್ಕೂ ಮನಸ್ಸಿಗೆ ಹೇಳಿಕೊಂಡಳು.

ಎರಡು ಸಾವಿರದ ಹನ್ನೊಂದರ ಏಪ್ರಿಲಿನ ಒಂದು ಭಾನುವಾರ ಫಲಿತಾಂಶ ಹೇಳುವ ಸಭೆ. ಶೆಟ್ಟರ ಮಹಡಿಯಲ್ಲಿ ಅರವತ್ತು ಜನ, ನಾಲ್ಕು ಪಂಖಾ. ಚಿನ್ಮಯ್ ಗೋಡೆಯ ಮೇಲೆ ಅಂಕಿಗಳನ್ನು ತೋರಿಸಿದ. ನಲವತ್ತೊಂದು ಪಾತ್ರೆಗಳಲ್ಲಿ ಒಂದರಲ್ಲೂ, ರಾತ್ರಿಯಿಡೀ ಇಟ್ಟ ನೀರಿನಲ್ಲಿ ಹೆಚ್ಚಿನ ತಾಮ್ರ ಸಿಕ್ಕಿರಲಿಲ್ಲ. ಇದು ಸಣ್ಣ ಅಧ್ಯಯನ, ಕಾಯಿಲೆ ಇರುವವರು ತಾಮ್ರದ ಪಾತ್ರೆಯನ್ನು ಮುಟ್ಟಲೇಬಾರದು ಎಂದು ಎರಡು ಸಲ ಹೇಳಿ, ಕೊನೆಗೆ ಅವನು ಅಳುಕುತ್ತ ಸೇರಿಸಿದ: “ಆದರೆ ತಂಬಿಗೆಯ ನೀರಿನಿಂದಲೇ ಮಗು ಹೋಯಿತು ಅಂತ ಇಲ್ಲಿ ಯಾರಾದರೂ ತಾಯಂದಿರು ಕೊರಗುತ್ತಾ ಇದ್ದರೆ, ನಮ್ಮ ಅಂಕಿಗಳು ಹಾಗೆ ಹೇಳುವುದಿಲ್ಲ.”

ಯಾರೋ ಹಿಂದಿನ ಸಾಲಿನಲ್ಲಿ ಗಟ್ಟಿಯಾಗಿ ಅತ್ತರು. ರಮಾಕಾಂತ ಹೆಂಡತಿಯ ಕೈಯನ್ನು ಎಲ್ಲರೆದುರಿಗೆ ಹಿಡಿದುಕೊಂಡರು. ಇಪ್ಪತ್ತೈದು ವರ್ಷದ ದಾಂಪತ್ಯದಲ್ಲಿ ಅವರು ಹಾಗೆ ಮಾಡಿದವರಲ್ಲ. “ಕೇಳಿದೆಯಾ ಸುಬ್ಬೂ?” ಎಂದರು. ಅವಳು ಕೇಳಿದ್ದಳು. ಏಳು ವರ್ಷ ಕಾದ ಮಾತು. ಅದನ್ನು ಹಾಗೆಯೇ ಮನೆಗೆ ಕೊಂಡೊಯ್ಯಬಹುದಾಗಿತ್ತು.

ಶೆಟ್ಟರು ಕರಪತ್ರ ಅಚ್ಚು ಹಾಕಿಸುವ ಮಾತಾಡಿ, ಎಲ್ಲರೂ ಪಾಯಸ ತಿಂದೇ ಹೋಗಬೇಕು ಎಂದರು. ಆಗ ಜಯಲತಾ ನಿಕಿತಾಳನ್ನು ತೊಡೆಯ ಮೇಲಿಂದ ಇಳಿಸಿ ಎದ್ದಳು. ಮುಖ ಅರಳಿತ್ತು.

“ಹಾಗಾದ್ರೆ ನಮ್ಮ ಚೆಂಬನ್ನು ಇನ್ನು ಅಟ್ಟದಿಂದ ಇಳಿಸಬಹುದಲ್ವಾ ಶೆಟ್ರೆ? ಬಿಸಿಲು ನೋಡಿ ಹೇಗುಂಟು. ಇವಳಿಗೆ ಬೆಳಿಗ್ಗೆ ಕೊಡುವ ಅಂತ.”

ಚಿನ್ಮಯ್ ತಂತಿ ಸುತ್ತುವುದರಲ್ಲಿದ್ದ. ಶೆಟ್ಟರು ಸಂತೋಷದಲ್ಲಿ ಕೈ ಬೀಸಿದರು. “ಇಳಿಸು ಮಾರಾಯ್ತಿ, ಇನ್ನೆಂತ ಹೆದರಿಕೆ!”

“ಇಳಿಸಬೇಡ,” ಎಂದಳು ಸುಬ್ಬಲಕ್ಷ್ಮಿ.

ಗಂಡನ ಕೈಯಿಂದ ತನ್ನ ಕೈ ಬಿಡಿಸಿಕೊಂಡು ಅವಳು ನಿಂತಿದ್ದಳು. “ನಾನು ಸುಮುಖನಿಗೆ ಕೊಟ್ಟಿದ್ದು ಬರೀ ನೀರಲ್ಲ. ಅದರಲ್ಲಿ ನಿಂಬೆಹಣ್ಣು ಹಿಂಡ್ತಿದ್ದೆ. ರಾತ್ರಿಯೆಲ್ಲ ತಾಮ್ರದಲ್ಲೇ ಇಡ್ತಿದ್ದೆ. ಡಾಕ್ಟರಿಗೆ ಹೇಳಲಿಲ್ಲ, ಮನೆಯವರ ಹತ್ರಾನೂ ಆ ಮಾತು ಎತ್ತಲಿಲ್ಲ. ಫಾರಂನಲ್ಲಿ ಆ ಪ್ರಶ್ನೆ ಇಲ್ಲ ಅಂತ ಗೊತ್ತಿದ್ದೂ ಇಷ್ಟು ಸಾಕು ಅಂದವಳು ನಾನೇ. ಬದಲಾಪುರದ ಮನೆಯಲ್ಲಿ ಶರಬತ್ತು ಅಂತ ಹೇಳಿದ್ರು, ನಾನು ನೀರು ಅಂತ ಬರೆದೆ. ಚಿನ್ಮಯ್, ನೀನು ಅಳೆದಿದ್ದು ಸರಿ ಇದೆಯಪ್ಪ. ನಾನು ತಂದುಕೊಟ್ಟಿದ್ದು ಸರಿ ಇಲ್ಲ.”

ಜಯಲತಾ ನಿಧಾನವಾಗಿ ಕೇಳಿದಳು. “ಅಂದ್ರೆ ರಂಜನ್‌ಗೆ ನಾನು ಕೊಟ್ಟದ್ದು...”

“ಗೊತ್ತಿಲ್ಲ. ಅಳೆದು ನೋಡಬೇಕು.”

“ವಾಂತಿ ಆಗ್ತಿತ್ತಾ ಅಂತ ಕೇಳಿದ್ರಿ ನೀವು. ಅವತ್ತೇ ಗೊತ್ತಿತ್ತು ನಿಮಗೆ. ಒಂದು ವರ್ಷದ ಮೇಲಾಯ್ತು. ಇವಳಿಗೆ ನಾನು ಈ ನಡುವೆ ಕೊಟ್ಟಿದ್ರೆ?”

ಜಯಲತಾ ಮಗುವಿನ ಕೈ ಎಳೆದುಕೊಂಡು ಮೆಟ್ಟಿಲಿಳಿದಳು. “ಮಮ್ಮಿ, ಖೀರ್?” ಎಂದು ಮಗು ಕೇಳುವುದು ಕೆಳಗಿನಿಂದ ಕೇಳಿಸಿತು. ಪಾಯಸಕ್ಕೆ ಯಾರೂ ಕೂರಲಿಲ್ಲ. ಹೋಗುವಾಗ ಒಬ್ಬ ಹೆಂಗಸು ಸುಬ್ಬಲಕ್ಷ್ಮಿಯ ಹತ್ತಿರ ನಿಂತು, “ಇವತ್ತೊಂದು ದಿನ ನಿದ್ದೆ ಮಾಡ್ತಿದ್ದೆ. ಅದನ್ನೂ ಕಿತ್ಕೊಂಡ್ರಿ,” ಎಂದಳು.

ಠಾಣೆ ಸ್ಟೇಷನ್ನಿನ ಬೆಂಚಿನ ಮೇಲೆ ಗಂಡ ಹೆಂಡತಿ ಕೂತರು. ಎರಡು ಡೊಂಬಿವಲಿ ಗಾಡಿ ಬಂದು ಹೋದವು. ರಮಾಕಾಂತ ಏಳಲಿಲ್ಲ. ಅವಳು ಬೈಗುಳಕ್ಕೆ ಕಾದಳು, ಸಮಾಧಾನಕ್ಕೂ ಕಾದಳು.

“ನಿಂಬೆಹಣ್ಣು ತರ್ತಿದ್ದೋರು ಯಾರು?” ಎಂದರು ಕೊನೆಗೆ.

“ನೀವ್‌ ತರ್ತಿದ್ರಿ. ಆಫೀಸಿಂದ ಬರ್ತಾ.”

“ರಾತ್ರಿ ತಟ್ಟೆ ತೆಗೆದು ಸಕ್ಕರೆ ಸಾಕಾ ಅಂತ ರುಚಿ ನೋಡ್ತಿದ್ದೋರು?”

ಅವಳು ತಲೆಯೆತ್ತಿ ಅವರ ಮುಖ ನೋಡಿದಳು.

“ನನಗೂ ಗೊತ್ತಿತ್ತು ಕಣೇ. ಆಸ್ಪತ್ರೇಲಿ ಡಾಕ್ಟ್ರು ಕೇಳಿದಾಗ ನೀನು ನೀರು ಅಂದೆ. ನಾನು ನಿನ್ನ ಪಕ್ಕದಲ್ಲೇ ನಿಂತಿದ್ದೆ.” ಅವರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು. “ಏಳು ವರ್ಷ ಹುಟ್ಟಿನಿಂದ ಬಂದದ್ದು, ಹುಟ್ಟಿನಿಂದ ಬಂದದ್ದು ಅಂತ ಹೇಳಿದ್ದು ನಿನಗಲ್ಲ.”

ಚಿನ್ಮಯ್ ಕರಪತ್ರ ನಿಲ್ಲಿಸಿದ. ಹೊಸ ಫಾರಂ ಮಾಡಿ, ಐದನೆಯ ಪ್ರಶ್ನೆ ಸೇರಿಸಿದ. ಮೊದಲು ಪರೀಕ್ಷೆಗೆ ಹೋದದ್ದು ಸುಬ್ಬಲಕ್ಷ್ಮಿಯದೇ ತಂಬಿಗೆ: ನಾಲ್ಕು ನಿಂಬೆಹಣ್ಣು, ಸಕ್ಕರೆ, ಹತ್ತು ಗಂಟೆ. ಹದಿನೈದು ದಿನಕ್ಕೆ ಅವನು ಫೋನಿನಲ್ಲಿ ಹೇಳಲು ಒಪ್ಪದೆ ನೆರೂಳಿಗೆ ಕರೆಸಿಕೊಂಡ. ಬರಿಯ ನೀರಿನದು, ನಿಂಬೆ ನೀರಿನದು, ಎರಡು ಅಂಕಿಗಳನ್ನು ಕಾಗದದ ಮೇಲೆ ಅಕ್ಕಪಕ್ಕ ಬರೆದ. ಎರಡನೆಯದು ಮೊದಲಿನದಕ್ಕೆ ಇನ್ನೆರಡು ಸೊನ್ನೆ ಹಾಕಿದಷ್ಟಿತ್ತು.

“ಅಮ್ಮ, ಈ ಕಾಗದ ಹೇಳೋದು ತಂಬಿಗೆ ವಿಷಯ ಮಾತ್ರ. ಸುಮುಖನ ವಿಷಯ ಅಲ್ಲ.”

“ಕೊಡದೇ ಇದ್ದಿದ್ರೆ?”

ಅವನು ಹುಡುಗ, ಸುಳ್ಳು ಹೇಳಲು ಇಷ್ಟವಿತ್ತು, ಕಲಿತಿರಲಿಲ್ಲ. “ಕಾಯಿಲೆ ಇದ್ದೇ ಇರ್ತಿತ್ತು. ನಿಧಾನವಾಗಿ ಬರ್ತಿತ್ತೇನೋ. ಔಷಧಿ ಹಿಡಿಯೋಷ್ಟು ಕಾಲ ಸಿಗ್ತಿತ್ತೇನೋ. ಸಿಗದೇನೂ ಇರಬಹುದಿತ್ತು. ಇದಕ್ಕಿಂತ ಹೆಚ್ಚು ನನಗೆ ಗೊತ್ತಿಲ್ಲ, ಯಾರಿಗೂ ಗೊತ್ತಾಗಲ್ಲ.”

ಇದೇ ಅವಳ ಪಾಲಿಗೆ ಬಂದ ಉತ್ತರ. ಆ ಕಾಗದವನ್ನು ಮಡಿಸಿಕೊಂಡು, ಮೇಜಿನ ಮೇಲಿದ್ದ ಹೊಸ ಫಾರಮುಗಳ ಕಟ್ಟನ್ನು ತನ್ನ ಕಡೆಗೆ ಎಳೆದುಕೊಂಡಳು. ಬೇರೆ ಯಾರನ್ನಾದರೂ ಕಳಿಸುತ್ತೇನೆ ಎಂದ ಅವನು. ಸುಳ್ಳು ಬರೆದವಳೇ ಹೋಗಿ ತಿದ್ದಬೇಕು ಎಂದಳು ಅವಳು.

ಮತ್ತೆ ನಲವತ್ತು ಮನೆ. ಈ ಸಲ ಒಂದೊಂದು ಮನೆಯಲ್ಲೂ ತನ್ನ ಕಥೆಯನ್ನು ಮೊದಲು ಹೇಳಿ ಆಮೇಲೆ ಐದನೆಯ ಪ್ರಶ್ನೆ ಕೇಳುತ್ತಿದ್ದಳು. ಕೆಲವರು ನಗುತ್ತ, ನಮ್ಮದು ಬರೀ ನೀರೇ ಎನ್ನುತ್ತಿದ್ದರು. ಕೆಲವರು ಬಾಯಿ ತೆರೆದು ಮುಚ್ಚುತ್ತಿದ್ದರು. ಒಬ್ಬರು ಕೋಕಂ, ಒಬ್ಬರು ಮಜ್ಜಿಗೆ, ಮೂವರು ನಿಂಬೆ. ಎರಡು ಮನೆಯವರು ಬಾಗಿಲು ಹಾಕಿಕೊಂಡರು. ಕಲ್ಯಾಣದ ಮನೆಯೊಂದರಲ್ಲಿ ಅಜ್ಜಿಯೊಬ್ಬಳು ಪ್ರಶ್ನೆ ಕೇಳಿ ಮುಗಿಯುವ ಮೊದಲೇ ಅವಳ ಕಾಲು ಹಿಡಿದುಕೊಂಡು, ಸೊಸೆಗೆ ಹೇಳಬೇಡವೆಂದು ಅತ್ತಳು.

ಜಯಲತಾಳ ಮನೆಯನ್ನು ಕಡೆಗೆ ಇಟ್ಟುಕೊಂಡಿದ್ದಳು. ನಿಕಿತಾಳ ಎರಡನೆಯ ಪರೀಕ್ಷೆಯಲ್ಲಿ ಕಾಯಿಲೆ ಇದೆಯೆಂದು ಖಚಿತವಾಗಿ, ಕೈ ನಡುಗುವ ಮೊದಲೇ, ಹೊಟ್ಟೆ ಉಬ್ಬುವ ಮೊದಲೇ ಮಾತ್ರೆ ಶುರುವಾಗಿದೆ ಎಂದು ಶೆಟ್ಟರಿಂದ ತಿಳಿದಿತ್ತು. ಜೀವನವಿಡೀ ನುಂಗಬೇಕಾದ ಮಾತ್ರೆ. ಬೆಳಿಗ್ಗೆ ಆರೂವರೆಗೆ ಅವಳು ಕರೆಗಂಟೆ ಒತ್ತಿದಾಗ ಜಯಲತಾ ಮರದ ಬಾಗಿಲು ತೆರೆದಳು. ಕಬ್ಬಿಣದ ಜಾಲರಿಯ ಬಾಗಿಲು ತೆರೆಯಲಿಲ್ಲ.

“ಫಾರಂ ಕೊಡಿ,” ಎಂದಳು.

ಸುಬ್ಬಲಕ್ಷ್ಮಿ ಜಾಲರಿಯ ಸಂದಿಯಿಂದ ಫಾರಮನ್ನೂ ಪೆನ್ನನ್ನೂ ಒಳಗೆ ಚಾಚಿದಳು. ಜಯಲತಾ ಗೋಡೆಗೆ ಒತ್ತಿ ಹಿಡಿದು ಬರೆದಳು. ಒಳಗಿನಿಂದ ನಿಕಿತಾ ಬಂದು ಇಣುಕಿದಳು. “ಆಂಟೀಕೋ ಅಂದರ್ ಬುಲಾವೋ ನಾ ಮಮ್ಮಿ.”

“ಅವರಿಗೆ ಗಾಡಿಗೆ ಹೊತ್ತಾಯ್ತು,” ಎಂದಳು ಜಯಲತಾ, ತಿರುಗಿ ನೋಡದೆ. ಆಮೇಲೆ ಒಳಗೆ ಹೋಗಿ, ಹಿಂದಿನ ದಿನ ಫೋನಿನಲ್ಲಿ ಕೇಳಿಕೊಂಡ ಹಾಗೆ ರಾತ್ರಿ ಪುನರ್ಪುಳಿ ಕದಡಿ ಇಟ್ಟಿದ್ದ ಚೆಂಬನ್ನು ಎತ್ತಿ ತಂದು, ಜಾಲರಿಯ ಸಂದಿಯಲ್ಲಿ ಹಿಡಿದ ಬಾಟಲಿಗೆ ತಾನೇ ಸುರಿದಳು. ಅರ್ಧ ಹೊಸ್ತಿಲ ಮೇಲೆ ಚೆಲ್ಲಿತು. ಸುಬ್ಬಲಕ್ಷ್ಮಿ ಬಾಟಲಿಯನ್ನು ಅಲುಗಿಸದೆ ಹಿಡಿದು, ಅದು ತುಂಬುವವರೆಗೆ ಕಾದಳು.